ಚೆಲುವಾ ಎಂದು ಕೂಗಿದರೆ

ಪಾಂಡವಪುರದ ಸಂತೆಯಲ್ಲಿ ನಿಂತು ‘ಚೆಲುವಾ!’ ಎಂದು ಕೂಗಿ ನೋಡಿ, ನಾಲ್ಕು ತಲೆಯಾದರೂ ತಿರುಗುತ್ತವೆ. ಚೆಲುವೇಗೌಡ, ಚೆಲುವರಾಜು, ಚೆಲುವಮ್ಮ. ಆಧಾರ್ ಕಾರ್ಡಿನಲ್ಲಿ ಕೆಲವರು ‘ಚಲುವ’ ಆಗಿರುತ್ತಾರೆ, ಇರಲಿ. ಎಲ್ಲರಿಗೂ ಮೂಲ ಮೇಲುಕೋಟೆಯ ಚೆಲುವನಾರಾಯಣ. ಅಲ್ಲಿನ ಉತ್ಸವಮೂರ್ತಿಯನ್ನು ರಾಮಾನುಜರು ಮಗುವಿನಂತೆ ‘ಸೆಲ್ವಪ್ಪಿಳ್ಳೈ’ ಎಂದು ಕರೆದರೆಂಬುದು ಐತಿಹ್ಯ. ತಮಿಳಿನ ‘ಸೆಲ್ವ’ ಎಂದರೆ ಸಿರಿ, ಮುದ್ದು. ಬೆಟ್ಟ ಇಳಿಯುವಷ್ಟರಲ್ಲಿ ಅದು ಕನ್ನಡದ ಚೆಲುವಾಯಿತು. ಸಿರಿ ಕೊಟ್ಟು ರೂಪ ಕೊಂಡ ಈ ವ್ಯಾಪಾರ ನನಗಂತೂ ಲಾಭದ್ದೆನಿಸುತ್ತದೆ.

ನಾಗಮಂಗಲದ ಕಡೆ ಆದಿಚುಂಚನಗಿರಿಯ ಕಾಲಭೈರವನ ಪಾರುಪತ್ಯ. ಸಂಸ್ಕೃತದಲ್ಲಿ ಭಯ ಹುಟ್ಟಿಸುವ ಭೈರವ, ಮಹಾಪ್ರಾಣ ಕಳಚಿಟ್ಟು ‘ಬೈರ’ನಾದೊಡನೆ ಹಟ್ಟಿಯಲ್ಲಿ ಹಾಲು ಕರೆಯುವ ಹುಡುಗನಾಗುತ್ತಾನೆ.

ಶ್ರೀರಂಗಪಟ್ಟಣದಲ್ಲಿ ರಂಗಪ್ಪ, ರಂಗಮ್ಮರಿಗೆ ಲೆಕ್ಕವಿಲ್ಲ. ಅದೇ ದ್ವೀಪದಿಂದ ಆಳಿದ ಹೈದರನ ಹೆಸರು ಅರಬ್ಬಿಯಲ್ಲಿ ಸಿಂಹ. ಮಗನಿಗೆ ಇಟ್ಟದ್ದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾರ ಹೆಸರು.

ಕೆ.ಆರ್. ಪೇಟೆ ತಾಲ್ಲೂಕಿನ ಬಿ.ಎಸ್. ಯಡಿಯೂರಪ್ಪನವರ ‘ಬಿ’ ಹುಟ್ಟೂರು ಬೂಕನಕೆರೆ. ಉಳಿದ ಹೆಸರು ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರನದು. ಒಬ್ಬರ ಸಹಿಯಲ್ಲಿ ಎರಡು ಊರು!