ಎತ್ತರದಲ್ಲಿ ರಕ್ತಹೆಪ್ಪು: ಅರ್ಧ ವಿವರಣೆಯ ಅಪಾಯ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿಂದ ಹೊರಟ ಚಾರಣಿಗನು ಸುಮಾರು 5,300 ಮೀಟರ್ ಎತ್ತರದ ಎವರೆಸ್ಟ್ ತಳಶಿಬಿರ ತಲುಪಿದಾಗ, ಅವನಿಗೆ ದೊರೆಯುವ ಆಕ್ಸಿಜನ್ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಅರ್ಧ. ಅಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೇಕೆ? ಜನಪ್ರಿಯ ಬರಹಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ಕೆಂಪು ರಕ್ತಕಣಗಳು ಹೆಚ್ಚಿ ರಕ್ತ ಮಂದವಾಗುತ್ತದೆ, ಆದ್ದರಿಂದ ಹೆಪ್ಪುಗಟ್ಟುತ್ತದೆ.’ ಇದು ಸಾಕೇ?

ಉತ್ತರ ತಪ್ಪಲ್ಲ. ಮೊದಲ ದಿನಗಳಲ್ಲಿ ಪ್ಲಾಸ್ಮಾ ಕಡಿಮೆಯಾಗುತ್ತದೆ. ಮುಂದಿನ ವಾರಗಳಲ್ಲಿ ಮೂತ್ರಪಿಂಡ ಸ್ರವಿಸುವ ಎರಿತ್ರೊಪೊಯೆಟಿನ್‌ನಿಂದ ಕೆಂಪುಕಣಗಳು ಹೆಚ್ಚುತ್ತವೆ. ಹೀಗೆ ರಕ್ತದ ಸ್ನಿಗ್ಧತೆ ಏರುತ್ತದೆ. ಆದರೆ ಹೆಪ್ಪಿಗೆ ಮೂರು ಬಗೆಯ ಕಾರಣಗಳುಂಟು: ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಒಳಗೋಡೆಗೆ ಧಕ್ಕೆ, ರಕ್ತದ ಘಟಕಗಳಲ್ಲಿ ಬದಲಾವಣೆ. ಜರ್ಮನಿಯ ವೈದ್ಯ ವಿರ್ಕೊ ಅವರ ಹೆಸರಿನಲ್ಲಿ ಇವನ್ನು ಕಲಿಸಲಾಗುತ್ತದೆ.

1953ರಲ್ಲಿ ಕೆ2 ಪರ್ವತದ ಸುಮಾರು 7,700 ಮೀಟರ್ ಎತ್ತರದಲ್ಲಿ ಬಿರುಗಾಳಿ ಅಮೆರಿಕದ ತಂಡವನ್ನು ದಿನಗಟ್ಟಲೆ ಡೇರೆಯಲ್ಲೇ ಕೂರಿಸಿತು. ಆರ್ಟ್ ಗಿಲ್ಕಿ ಅವರ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದನ್ನು ತಂಡದ ವೈದ್ಯ ಚಾರ್ಲ್ಸ್ ಹ್ಯೂಸ್ಟನ್ ಗುರುತಿಸಿದರು. ಕೆಳಗಿಳಿಸುವಾಗ ಗಿಲ್ಕಿ ಪರ್ವತದಲ್ಲೇ ಕಣ್ಮರೆಯಾದರು. ಇಲ್ಲಿ ಚಲನೆಯಿಲ್ಲದ ಕಾಲುಗಳ ಪಾತ್ರವನ್ನು ಮರೆಯುವಂತಿಲ್ಲ. ಆಕ್ಸಿಜನ್ ಕೊರತೆಯೇ ಉರಿಯೂತವನ್ನು ಪ್ರಚೋದಿಸಿ ಹೆಪ್ಪಿಗೆ ದಾರಿ ಮಾಡಬಲ್ಲುದೆಂದು ಭಾರತೀಯ ವಿಜ್ಞಾನಿಗಳು 2017ರಲ್ಲಿ ಪ್ರಾಣಿಪ್ರಯೋಗಗಳಿಂದ ತೋರಿಸಿದರು.

ಅಂಕಿಅಂಶಗಳನ್ನೂ ಎಚ್ಚರದಿಂದ ಓದಬೇಕು. ಅತಿ ಎತ್ತರದಲ್ಲಿ ದೀರ್ಘಕಾಲ ನೆಲೆಸಿದವರಲ್ಲಿ ಈ ಅಪಾಯ ಸುಮಾರು 30 ಪಟ್ಟು ಹೆಚ್ಚೆಂದು 2001ರ ಭಾರತೀಯ ಅಧ್ಯಯನವೊಂದು ಹೇಳಿತು. ಇದನ್ನು ವಾರದ ಚಾರಣಕ್ಕೆ ಅನ್ವಯಿಸಲಾಗದು. ಸುಮಾರು 2,400 ಮೀಟರ್ ಎತ್ತರದ ಒತ್ತಡದಲ್ಲಿ ಆರೋಗ್ಯವಂತರನ್ನು 8 ಗಂಟೆ ಕೂರಿಸಿದ 2006ರ ಪ್ರಯೋಗದಲ್ಲಿ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚಲಿಲ್ಲ. ಎಷ್ಟು ಎತ್ತರ, ಎಷ್ಟು ಕಾಲ ಎಂಬುದನ್ನು ಹೇಳದೆ ಅಪಾಯವನ್ನು ಮಾತ್ರ ಹೇಳುವುದು ಸರಿಯಲ್ಲ.

ಅರ್ಧ ವಿವರಣೆ ಅರ್ಧ ಪರಿಹಾರವನ್ನೇ ಸೂಚಿಸುತ್ತದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಎತ್ತರದ ನೆಲೆಗಳ ಯೋಧರಿಗೂ ಆಹಾರ ರೂಪಿಸಿದೆ. ಸರಿಯಾದ ಆಹಾರ, ಸಾಕಷ್ಟು ನೀರು ಅಗತ್ಯವೇ. ಆದರೆ ‘ನೀರು ಕುಡಿದರೆ ಸಾಕು’ ಎಂದು ನಂಬಿದವನು ಒಂದೇ ಕಾಲಿನ ಊತವನ್ನು ಉಳುಕೆಂದು ಕಡೆಗಣಿಸಬಹುದು. ಆ ಹೆಪ್ಪು ಶ್ವಾಸಕೋಶ ಸೇರಿದಾಗ ಬರುವ ಉಬ್ಬಸವನ್ನು ಎತ್ತರದ ಕಾಯಿಲೆಯೆಂದೇ ತಿಳಿಯಬಹುದು. ಕೆಳಗಿಳಿಯುವುದು ಎರಡಕ್ಕೂ ಅಗತ್ಯ, ಆದರೆ ಹೆಪ್ಪು ಅಷ್ಟರಿಂದಲೇ ಕರಗದು. ತುರ್ತು ವೈದ್ಯಕೀಯ ಚಿಕಿತ್ಸೆ ಬೇಕು.

ಆದ್ದರಿಂದ ಅಧ್ಯಾಪಕರು ಈ ಪಾಠದಲ್ಲಿ ಮಂದ ರಕ್ತದ ಜೊತೆಗೆ ಹರಿವು, ನಾಳದ ಗೋಡೆ, ಕಾಲಾವಧಿಗಳನ್ನೂ ಸೇರಿಸಬೇಕು.