ಯಜಮಾನ ಬದಲಾದ, ಮನೆ ಅದೇ

ಅಮೆರಿಕದಲ್ಲಿ ಜನ ರೊಚ್ಚಿಗೆದ್ದು ಬೀದಿಗೆ ಬಂದಾಗಲೆಲ್ಲ ‘ಎರಡು ಪಕ್ಷಗಳ ಆಟ ಮುಗಿಯಿತು’ ಎಂಬ ಮಾತು ಕೇಳಿಬರುತ್ತದೆ. ಮುಂದಿನ ಚುನಾವಣೆಯ ಎಣಿಕೆಯ ರಾತ್ರಿ ನೋಡಿದರೆ ಮತ್ತದೇ ಡೆಮಾಕ್ರಟಿಕ್, ಅದೇ ರಿಪಬ್ಲಿಕನ್. 1850ರ ದಶಕದಲ್ಲಿ ಕೂಡಿಕೊಂಡ ಈ ಜೋಡಿಯನ್ನು ಒಡೆಯುವುದು ಇವತ್ತಿನವರೆಗೂ ಯಾರಿಂದಲೂ ಆಗಿಲ್ಲ. ಹಾಗೆಂದು ಪಾಪ್ಯುಲಿಸ್ಟ್ ಚಳವಳಿಗಳನ್ನು ಬರೀ ಗದ್ದಲ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅವು ಪಕ್ಷಗಳನ್ನು ಅಲುಗಾಡಿಸಿವೆ, ಒಂದೊಂದು ಸಲ ಬುಡಮೇಲು ಮಾಡಿವೆ. ದ್ವಿಪಕ್ಷ ಪದ್ಧತಿಯನ್ನು ಮಾತ್ರ ಮುಟ್ಟಿಲ್ಲ. ಹೊಸ ರಕ್ತ ತುಂಬಿ ಅದರ ಆಯುಸ್ಸನ್ನೇ ಹೆಚ್ಚಿಸಿವೆ.

‘ಪಾಪ್ಯುಲಿಸ್ಟ್’ ಎಂಬ ಹೆಸರನ್ನು ಮೊದಲು ಹೊತ್ತವರು ರೈತರು. ರೈಲು ಕಂಪನಿಗಳ ಸಾಗಣೆ ದರ, ಕುಸಿಯುತ್ತಿದ್ದ ಬೆಳೆಯ ಬೆಲೆ, ಏರುತ್ತಿದ್ದ ಸಾಲದ ಭಾರ, ಇವುಗಳ ನಡುವೆ ನಲುಗಿದವರು 1892ರ ಜುಲೈನಲ್ಲಿ ಒಮಾಹಾದಲ್ಲಿ ಸೇರಿ ಪೀಪಲ್ಸ್ ಪಾರ್ಟಿಯ ಪ್ರಣಾಳಿಕೆ ಹೊರಡಿಸಿದರು. ರೈಲು ಸರ್ಕಾರದ ಕೈಗೆ ಬರಬೇಕು, ಹೆಚ್ಚು ಆದಾಯದವನಿಗೆ ಹೆಚ್ಚು ತೆರಿಗೆ ಬೀಳಬೇಕು, ಬೆಳ್ಳಿ ನಾಣ್ಯ ಧಾರಾಳವಾಗಿ ಚಲಾವಣೆಗೆ ಬರಬೇಕು, ಸೆನೆಟರುಗಳನ್ನು ಜನರೇ ಆರಿಸಬೇಕು ಎಂಬುದು ಅವರ ಬೇಡಿಕೆ. ಆ ವರ್ಷವೇ ಅವರ ಅಭ್ಯರ್ಥಿ ಜೇಮ್ಸ್ ವೀವರ್ 10 ಲಕ್ಷಕ್ಕೂ ಹೆಚ್ಚು ಮತ, ಜೊತೆಗೆ ರಾಜ್ಯಗಳನ್ನು ಗೆದ್ದವನಿಗೆ ದಕ್ಕುವ ಎಲೆಕ್ಟೋರಲ್ ಮತಗಳಲ್ಲಿ 22 ಗಳಿಸಿದ. ಹುಟ್ಟುತ್ತಲೇ ಇಷ್ಟು ಬಲ ತೋರಿಸಿದ ಪಕ್ಷ ನಾಲ್ಕೇ ವರ್ಷದಲ್ಲಿ ಕರಗಿಹೋದದ್ದು ಹೇಗೆ ಎಂಬುದೇ ಪಾಠ. 1896ರಲ್ಲಿ ಡೆಮಾಕ್ರಟರು ಬೆಳ್ಳಿಯ ಬೇಡಿಕೆಯನ್ನು ಎತ್ತಿಕೊಂಡು ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ಗೆ ಟಿಕೆಟ್ ಕೊಟ್ಟರು. ಪಾಪ್ಯುಲಿಸ್ಟರಿಗೆ ಇಕ್ಕಟ್ಟು: ಬೇರೆಯವರನ್ನು ನಿಲ್ಲಿಸಿದರೆ ಮತ ಒಡೆದು ಎದುರಾಳಿ ಗೆಲ್ಲುತ್ತಾನೆ, ಬ್ರಯನ್‌ನನ್ನೇ ಒಪ್ಪಿದರೆ ಪಕ್ಷ ಇರುವುದು ಯಾತಕ್ಕೆ? ಸೇಂಟ್ ಲೂಯಿಯ ಸಮಾವೇಶದಲ್ಲಿ ಬ್ರಯನ್‌ಗೇ ಜೈ ಎಂದರು. ಮಾನ ಉಳಿಸಿಕೊಳ್ಳಲು ಉಪಾಧ್ಯಕ್ಷ ಸ್ಥಾನಕ್ಕೆ ಮಾತ್ರ ತಮ್ಮವನಾದ ಟಾಮ್ ವಾಟ್ಸನ್‌ನನ್ನು ನಿಲ್ಲಿಸಿದರು. ಒಬ್ಬ ಅಧ್ಯಕ್ಷ ಅಭ್ಯರ್ಥಿ, ಅವನ ಪಕ್ಕ ಇಬ್ಬರು ಉಪಾಧ್ಯಕ್ಷ ಅಭ್ಯರ್ಥಿಗಳು! ಬ್ರಯನ್ ಸೋತ, ಪೀಪಲ್ಸ್ ಪಾರ್ಟಿ ಮತ್ತೆ ತಲೆಯೆತ್ತಲಿಲ್ಲ. ಆದಾಯ ತೆರಿಗೆ ಮತ್ತು ಸೆನೆಟರುಗಳ ನೇರ ಚುನಾವಣೆ ಎರಡೂ 1913ರಲ್ಲಿ ಸಂವಿಧಾನ ಸೇರಿದವು. ಬೇಡಿಕೆ ಗೆದ್ದಿತು, ಬೇಡಿದ ಪಕ್ಷ ಸತ್ತಿತು. ಒಂದು ಕಾಲಕ್ಕೆ ಕರಿಯ ಮತ್ತು ಬಿಳಿಯ ರೈತರು ಒಂದಾಗಬೇಕೆಂದಿದ್ದ ವಾಟ್ಸನ್ ಮುಂದೆ ಜನಾಂಗದ್ವೇಷ ಕಾರುತ್ತಲೇ ಸೆನೆಟ್ ಸೇರಿದ.

ಆಮೇಲೆ ಎರಡೂ ಪಕ್ಷಗಳು ಹೊರಬಾಗಿಲಿಗೆ ಅಗಳಿ ಹಾಕಿದವು. ಮೊದಲು ಮತಪತ್ರವನ್ನು ಪಕ್ಷಗಳೇ ಅಚ್ಚು ಹಾಕಿಸಿ ಹಂಚುತ್ತಿದ್ದವು; 1880ರ ದಶಕದ ಕೊನೆಯಿಂದ ಆ ಕೆಲಸ ಸರ್ಕಾರದ ಕೈಗೆ ಬಂದಿತ್ತು. ಅದರ ಮೇಲೆ ಯಾರ ಹೆಸರು ಇರಬೇಕೆಂದು ತೀರ್ಮಾನಿಸುವ ಶಾಸನಸಭೆಗಳಲ್ಲಿ ಕುಳಿತಿದ್ದವರು ಈ ಎರಡು ಪಕ್ಷಗಳವರೇ. ಬ್ರಯನ್ ವಿಷಯದಲ್ಲಿ ಆದಂತೆ ಒಬ್ಬನನ್ನೇ ಎರಡು ಪಕ್ಷಗಳು ತಮ್ಮ ಅಭ್ಯರ್ಥಿ ಎಂದು ನಿಲ್ಲಿಸುವುದನ್ನು ರಾಜ್ಯದ ಮೇಲೆ ರಾಜ್ಯ ನಿಷೇಧಿಸುತ್ತ ಹೋಯಿತು. 1997ರಲ್ಲಿ ಮಿನ್ನೆಸೋಟದ ಇಂಥ ನಿಷೇಧವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಇನ್ನು ಹೆಚ್ಚು ಮತ ಪಡೆದವನಿಗೇ ಎಲ್ಲವೂ ಎಂಬ ಎಣಿಕೆಯ ಕ್ರಮ ಇದ್ದೇ ಇದೆ. 1992ರ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷೇತರನಾಗಿ ನಿಂತ ಉದ್ಯಮಿ ರಾಸ್ ಪೆರೋಗೆ ಶೇ 19ರಷ್ಟು ಮತ ಬಂತು. ಎಲೆಕ್ಟೋರಲ್ ಮತ ಸೊನ್ನೆ.

ಹೊರಬಾಗಿಲು ಮುಚ್ಚಿದವರು ಒಳಗೊಂದು ಬಾಗಿಲು ತೆರೆದರು. ಅದೇ ಪ್ರೈಮರಿ: ಪಕ್ಷದ ಟಿಕೆಟ್ ಯಾರಿಗೆ ಎಂದು ಮತದಾರರೇ ನಿರ್ಧರಿಸುವ ಚುನಾವಣೆ. ಪಕ್ಷದ ಧಣಿಗಳ ಹಿಡಿತ ತಪ್ಪಿಸಲೆಂದು ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫಾಲೆಟ್ ಮೊದಲಾದ ಸುಧಾರಕರು 20ನೇ ಶತಮಾನದ ಆರಂಭದಲ್ಲಿ ಗೆದ್ದುಕೊಂಡ ಕ್ರಮ ಇದು. ಬಂಡಾಯಗಾರರಲ್ಲಿ ಹೆಚ್ಚಿನವರು ಪಕ್ಷ ಕಟ್ಟುವ ಗೋಜಿಗೆ ಹೋಗದೆ ಇದೇ ಬಾಗಿಲಿನಿಂದ ಒಳಗೆ ನುಗ್ಗತೊಡಗಿದರು. ನಮ್ಮಲ್ಲಿಯೂ ಹೆಚ್ಚು ಮತ ಪಡೆದವನೇ ಗೆಲ್ಲುವುದು. ಆದರೆ ಟಿಕೆಟ್ ಹಂಚುವುದು ಹೈಕಮಾಂಡ್. ಹಾಗಾಗಿ ಬಂಡೆದ್ದವನು ಪಕ್ಷೇತರನಾಗಿ ನಿಲ್ಲಬೇಕು, ಇಲ್ಲವೇ ಹೊಸ ಪಕ್ಷ ಕಟ್ಟಬೇಕು. 2011ರ ಭ್ರಷ್ಟಾಚಾರ ವಿರೋಧಿ ಚಳವಳಿಯಿಂದ ಮರುವರ್ಷ ಆಮ್ ಆದ್ಮಿ ಪಕ್ಷ ಹುಟ್ಟಿದ್ದು, 2013ರಲ್ಲಿ ದೆಹಲಿಯ 70ರಲ್ಲಿ 28 ಸ್ಥಾನ ಗೆದ್ದದ್ದು ಹೀಗೆ. ಅಮೆರಿಕದಲ್ಲಿ ಅದಕ್ಕೆ ಅವಕಾಶವೂ ಕಡಿಮೆ, ಅಗತ್ಯವೂ ಕಡಿಮೆ.

ಈ ಒಳಬಾಗಿಲನ್ನು, ಸರ್ಕಾರಿ ಖರ್ಚಿನ ವಿರುದ್ಧ ಎದ್ದ ಟೀ ಪಾರ್ಟಿ ಚಳವಳಿಯಷ್ಟು ಚೆನ್ನಾಗಿ ಬಳಸಿದವರಿಲ್ಲ. 2009ರ ಫೆಬ್ರುವರಿಯಲ್ಲಿ ಷಿಕಾಗೊದ ವಹಿವಾಟು ಕಟ್ಟೆಯಲ್ಲಿ ನಿಂತು ಟೀವಿ ವರದಿಗಾರ ರಿಕ್ ಸ್ಯಾಂಟೆಲಿ ಗೃಹಸಾಲದ ನೆರವಿನ ವಿರುದ್ಧ ಕೂಗಾಡಿದ ಮೇಲೆ ಅದು ಹೊತ್ತಿಕೊಂಡಿತು. ಮರುವರ್ಷ ಯೂಟಾ ರಾಜ್ಯದಲ್ಲಿ ನಡೆದದ್ದನ್ನು ನೋಡಬೇಕು. ಬಾಬ್ ಬೆನೆಟ್ ಮೂರು ಅವಧಿಯ ರಿಪಬ್ಲಿಕನ್ ಸೆನೆಟರ್, ಪಕ್ಕಾ ಸಂಪ್ರದಾಯವಾದಿ. ಅವರ ದೊಡ್ಡ ಅಪರಾಧವೆಂದರೆ 2008ರಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್ ಕೊಡುವ ಮಸೂದೆಗೆ ಕೈ ಎತ್ತಿದ್ದು. ಯೂಟಾದಲ್ಲಿ ಆಗ ಪ್ರೈಮರಿಗೂ ಮುನ್ನ ಪಕ್ಷದ ಸಮಾವೇಶ ದಾಟಬೇಕಿತ್ತು. ಅಲ್ಲಿ ಎರಡನೇ ಸುತ್ತಿನಲ್ಲೇ ಮೂರನೆಯವರಾಗಿ ಬೆನೆಟ್ ಹೊರಬಿದ್ದರು. ಆ ಸ್ಥಾನ ಕಡೆಗೆ ಮೈಕ್ ಲೀ ಪಾಲಾಯಿತು. ಆ ನವೆಂಬರ್‌ನಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 63 ಸ್ಥಾನ ಹೆಚ್ಚಿಸಿಕೊಂಡರು. 2014ರಲ್ಲಿ ಅವರದೇ ಬಹುಮತದ ನಾಯಕ ಎರಿಕ್ ಕ್ಯಾಂಟರ್, ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಮೇಷ್ಟರ ಎದುರು ಪ್ರೈಮರಿಯಲ್ಲಿ ಮಣ್ಣು ಮುಕ್ಕಿದರು. ಜನರ ಸಿಟ್ಟು ಅಸಲಿಯೇ. ಆದರೆ ಅದಕ್ಕೆ ಸಂಘಟನೆ, ತರಬೇತಿ ಒದಗಿಸಿದವರಲ್ಲಿ ಕೋಟ್ಯಧಿಪತಿ ಕೋಕ್ ಸಹೋದರರು ನಿಲ್ಲಿಸಿದ ‘ಅಮೆರಿಕನ್ಸ್ ಫಾರ್ ಪ್ರಾಸ್ಪೆರಿಟಿ’ಯಂಥ ಸಂಸ್ಥೆಗಳಿದ್ದವು. ಎಷ್ಟೇ ತಲೆ ಉರುಳಿದರೂ ಉರುಳಿದ್ದು ಒಂದೇ ಮನೆಯೊಳಗೆ.

ಶೇ 1ರಷ್ಟಿರುವ ಸಿರಿವಂತರ ವಿರುದ್ಧ ಎದ್ದ ಆಕ್ಯುಪೈ ಚಳವಳಿ ಈ ಬಾಗಿಲಿಗೇ ಬೆನ್ನು ತಿರುಗಿಸಿತು. 2011ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಜುಕಾಟಿ ಪಾರ್ಕಿನಲ್ಲಿ ಕುಳಿತವರಿಗೆ ಧ್ವನಿವರ್ಧಕ ಬಳಸಲು ಪರವಾನಗಿ ಇರಲಿಲ್ಲ. ಒಬ್ಬರು ಅರ್ಧ ವಾಕ್ಯ ಹೇಳುವುದು, ಸುತ್ತ ನಿಂತವರು ಅದನ್ನೇ ಒಕ್ಕೊರಲಿನಿಂದ ಕೂಗಿ ಹಿಂದಿನವರಿಗೆ ದಾಟಿಸುವುದು, ಹೀಗೆ ಸಭೆ ನಡೆಯಿತು. ಸೊಗಸಾದ ಏರ್ಪಾಡು. ಆದರೆ ಎಲ್ಲರ ಒಪ್ಪಿಗೆಗೆ ಕಾಯುವ ಆ ಸಭೆ ಇಂತಿಂಥದ್ದು ಬೇಕು ಎಂದು ಹೇಳಲಿಲ್ಲ, ನಾಯಕರನ್ನು ಆರಿಸಲಿಲ್ಲ, ಅಭ್ಯರ್ಥಿಗಳನ್ನು ನಿಲ್ಲಿಸಲಿಲ್ಲ. ನವೆಂಬರ್ 15ರಂದು ಪೊಲೀಸರು ಡೇರೆ ಕಿತ್ತರು. ‘ನಾವು ಶೇ 99’ ಎಂಬ ಘೋಷಣೆ ಉಳಿಯಿತು. ಅದರ ಫಲ ಉಂಡವರು ಒಳಬಾಗಿಲಿನಿಂದ ಹೋದವರೇ. ದಶಕಗಳಿಂದ ಪಕ್ಷೇತರರಾಗಿದ್ದ ಬರ್ನಿ ಸ್ಯಾಂಡರ್ಸ್ 2016ರಲ್ಲಿ ಡೆಮಾಕ್ರಟಿಕ್ ಟಿಕೆಟ್ಟಿಗೇ ಸ್ಪರ್ಧಿಸಬೇಕಾಯಿತು. ಇದೇ ಪಾಠವನ್ನು ಇನ್ನೊಬ್ಬ ಮನುಷ್ಯನ ದಾರಿಯೂ ಹೇಳುತ್ತದೆ. ಡೊನಾಲ್ಡ್ ಟ್ರಂಪ್ 2000ದ ಚುನಾವಣೆಗೆ ಪೆರೋ ಕಟ್ಟಿದ ರಿಫಾರ್ಮ್ ಪಾರ್ಟಿಯ ಬಾಗಿಲು ತಟ್ಟಿ ಹಿಂದೆ ಸರಿದಿದ್ದರು. 2016ರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ನುಗ್ಗಿ ಪಕ್ಷವನ್ನೇ ತಮ್ಮದಾಗಿಸಿಕೊಂಡರು.

ಪಕ್ಷದ ಒಳಗೇ ಇಷ್ಟು ಬದಲಾದರೆ ಹೊರಗೆ ಎರಡೇ ಇದ್ದರೇನು ನಷ್ಟ ಎಂದು ಕೇಳಬಹುದು. ನಷ್ಟ ಇದೆ. ಪ್ರೈಮರಿಗೆ ಮತ ಹಾಕಲು ಬರುವವರು ಕಡಿಮೆ, ಬರುವವರಲ್ಲಿ ಕಟ್ಟಾಳುಗಳೇ ಹೆಚ್ಚು. ಆ ಸಣ್ಣ ಗುಂಪು ಒಂದು ಪಕ್ಷವನ್ನು ಹಿಡಿದರೆ ಇಡೀ ದೇಶದ ಮುಂದಿರುವ ಎರಡು ಆಯ್ಕೆಗಳಲ್ಲಿ ಒಂದು ಅದರ ವಶವಾಗುತ್ತದೆ. ಎರಡೂ ಬೇಡವೆನ್ನುವ ಮತದಾರ ಇದ್ದಲ್ಲೇ ಇರುತ್ತಾನೆ. ಹೆಚ್ಚು ಆಯ್ಕೆ ಬೇಕೆಂದು ಶುರುವಾದ ಬಂಡಾಯ, ಗೆದ್ದಾಗ ಇದ್ದ ಆಯ್ಕೆಯನ್ನೂ ಕಿರಿದು ಮಾಡುತ್ತದೆ.

ನಿಜವಾದ ಸವಾಲು ಬಂದದ್ದು ಸದ್ದಿಲ್ಲದ ಕಡೆಯಿಂದ. ಮತದಾರ ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಗುರುತಿಸುವ ಪದ್ಧತಿಯನ್ನು ಮೇನ್ ರಾಜ್ಯದ ಜನ 2016ರಲ್ಲಿ ಮತ ಹಾಕಿ ತಂದುಕೊಂಡರು. 2018ರಲ್ಲಿ ಅಲ್ಲಿನ ಒಂದು ಕಾಂಗ್ರೆಸ್ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ಹಿಂದಿದ್ದ ಜೇರ್ಡ್ ಗೋಲ್ಡನ್, ಪಕ್ಷೇತರರ ಬೆಂಬಲಿಗರ ಮುಂದಿನ ಪ್ರಾಶಸ್ತ್ಯದ ಮತ ಸೇರಿ ಗೆದ್ದರು. ಮೂರನೆಯವನಿಗೆ ಹಾಕಿದ ಮತ ಅಲ್ಲಿ ವ್ಯರ್ಥವಾಗಲಿಲ್ಲ. 1896ರ ರೈತರಿಗೆ ಸಿಗದಿದ್ದ ದಾರಿ ಇದು. ಅಲಾಸ್ಕಾ 2020ರಲ್ಲಿ ಇದನ್ನೇ ಒಪ್ಪಿತು, 2024ರಲ್ಲಿ ಕೆಲವೇ ನೂರು ಮತಗಳ ಅಂತರದಿಂದ ಉಳಿಸಿಕೊಂಡಿತು. ಆದರೆ ಎಣಿಕೆಯ ನಿಯಮ ಬದಲಾಗಲೆಂದು ಯಾರೂ ಡೇರೆ ಹಾಕಿ ಕೂರುವುದಿಲ್ಲ, ಯಾವ ಭಾಷಣಕಾರನಿಗೂ ಅದರಲ್ಲಿ ಚಪ್ಪಾಳೆ ಸಿಗುವುದಿಲ್ಲ. ನೆವಾಡದಲ್ಲಿ ಇಂಥದೇ ಪ್ರಸ್ತಾವ 2024ರಲ್ಲಿ ಬಿದ್ದುಹೋಯಿತು. ಯಾವ ವಿಷಯದಲ್ಲೂ ಒಮ್ಮತವಿಲ್ಲದ ಡೆಮಾಕ್ರಟರು ಮತ್ತು ರಿಪಬ್ಲಿಕನ್ನರು ಅದನ್ನು ಒಟ್ಟಾಗಿ ವಿರೋಧಿಸಿದ್ದರು. ಟೀ ಪಾರ್ಟಿಯ ವಿರುದ್ಧವಾಗಲೀ ಆಕ್ಯುಪೈ ವಿರುದ್ಧವಾಗಲೀ ಅವರು ಹೀಗೆ ಕೈ ಜೋಡಿಸಿರಲಿಲ್ಲ. ತಮಗೆ ಅಪಾಯ ಯಾವುದರಿಂದ ಎಂಬುದು ಚಳವಳಿಗಾರರಿಗಿಂತ ಪಕ್ಷಗಳಿಗೇ ಚೆನ್ನಾಗಿ ಗೊತ್ತು.