ಪೆಟ್ಟಿಗೆ ಇದೆ, ಮೈಕ್ರೋಮೀಟರ್ ಎಲ್ಲಿ?

ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮು. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಆರ್‌ಎಫ್‌ಐಡಿ ರೀಡರ್ ಹಿಡಿದು ಉಕ್ಕಿನ ಬೀರುವಿನ ಮುಂದೆ ನಿಂತರು. ಬಾಗಿಲು ಹಾಕಿದ್ದಾಗ ಅದು ಸೊಲ್ಲೆತ್ತಲಿಲ್ಲ. ಬಾಗಿಲು ತೆಗೆದು ಗುಂಡಿ ಒತ್ತಿದ್ದೇ ತಡ, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು. ಪರದೆಯ ಸಾಲುಗಳೆಲ್ಲ ಹಸಿರಾದವು. "ನೋಡಿ ಸಾರ್, ಎಲ್ಲಾ ಇದೆ" ಅಂದರು. ಆಡಿಟ್‌ಗೆ ಹೋದವನ ಕೈ ಸುಮ್ಮನಿರುವುದಿಲ್ಲ. ಒಂದು ಮೈಕ್ರೋಮೀಟರಿನ ಪೆಟ್ಟಿಗೆ ತೆಗೆದು ನೋಡಿದೆ. ಒಳಗಿನ ಮಖಮಲ್ಲಿನಲ್ಲಿ ಮೈಕ್ರೋಮೀಟರಿನ ಆಕಾರದ ಗುಳಿ ಇತ್ತು, ಮೈಕ್ರೋಮೀಟರ್ ಇರಲಿಲ್ಲ. ಟ್ಯಾಗ್ ಅಂಟಿಸಿದ್ದು ಪೆಟ್ಟಿಗೆಗೆ.

ಪೆಟ್ಟಿಗೆಗೆ ಅಂಟಿಸಿದವರನ್ನು ಬೈದು ಫಲವಿಲ್ಲ. ಈ ಟ್ಯಾಗಿಗೂ ಲೋಹಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಕೂಡ ಇದೇ ಕುಲದ್ದು. ಒಳಗೆ ಬ್ಯಾಟರಿ ಇಲ್ಲ; ಎದುರಿನ ರೀಡರ್ ಬಿಡುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ಅದಕ್ಕೆ ವಾಪಸ್ ಹೇಳುತ್ತದೆ. ನಮ್ಮ ದೇಶದಲ್ಲಿ ಇದು ನಡೆಯುವುದು 865 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಗಾಜಿನ ಮೇಲೆ ಸಲೀಸು. ಉಕ್ಕಿನ ಮೇಲೆ ಅದೇ ಚೀಟಿಯನ್ನು ಅಂಟಿಸಿದರೆ ಹಿಂದಿನ ಲೋಹ ಅದರ ಆಂಟೆನಾದ ಶ್ರುತಿ ಕೆಡಿಸುತ್ತದೆ, ಚೀಟಿ ಮೂಕವಾಗುತ್ತದೆ. ಲೋಹಕ್ಕೆಂದೇ ಮಾಡಿದ ಟ್ಯಾಗ್ ಬೇರೆ ಇದೆ. ಅದು ದಪ್ಪ, ಕಾಗದದ ಚೀಟಿಗಿಂತ ಎಷ್ಟೋ ಪಟ್ಟು ದುಬಾರಿ. ಲೇತಿಗೋ ಕಂಪ್ರೆಸರಿಗೋ ಒಪ್ಪುತ್ತದೆ. ಅಂಗೈಯಲ್ಲಿ ಹಿಡಿದು ತಿರುಗಿಸಬೇಕಾದ ಅಳತೆ ಸಾಧನದ ಮೇಲೆ ಅದನ್ನು ಕೂರಿಸಿದರೆ ಕೆಲಸಗಾರ ಮೊದಲ ದಿನವೇ ಕಿತ್ತೆಸೆಯುತ್ತಾನೆ. ಹಾಗಾಗಿ ಪೆಟ್ಟಿಗೆಗೆ ಅಂಟುತ್ತದೆ. ಆಮೇಲೆ ಕಂಪ್ಯೂಟರ್ ಪೆಟ್ಟಿಗೆಗಳನ್ನು ಎಣಿಸುತ್ತಾ ಹೋಗುತ್ತದೆ.

ಇದನ್ನೆಲ್ಲ ಮಾರುವವರು ಹೇಳುವುದಿಲ್ಲ. ಅವರ ಕರಪತ್ರದಲ್ಲಿ ಟ್ಯಾಗ್ ಎಂದರೆ ಕಾವಲುಗಾರ: ಕಳ್ಳತನ ನಿಲ್ಲುತ್ತದೆ, ಯಾವ ವಸ್ತು ಯಾವ ಕ್ಷಣದಲ್ಲಿ ಎಲ್ಲಿದೆ ಎಂದು ತಿಳಿಯುತ್ತದೆ. ಬ್ಯಾಟರಿ ಇಲ್ಲದ ಟ್ಯಾಗಿಗೆ ಈ ಎರಡೂ ಮಾತು ಭಾರವಾದವು. ರೀಡರ್ ಇರುವ ಬಾಗಿಲನ್ನು ಯಾವಾಗ ದಾಟಿತು ಎಂದಷ್ಟೇ ಅದು ಹೇಳಬಲ್ಲದು, ಅದೂ ದಾಟುವಾಗ ಓದಿಸಿಕೊಂಡಿದ್ದರೆ. ಕದಿಯುವವನು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು ನಡೆದರೆ ಗೇಟಿನ ಆಂಟೆನಾಗೆ ಸುಳಿವೇ ಸಿಗದು. ಉಗುರಿನಲ್ಲಿ ಎಬ್ಬಿಸಿದರೆ ಏಳುವ ಚೀಟಿಗೆ ಅಷ್ಟೂ ಬೇಕಿಲ್ಲ.

ಲೆಕ್ಕದವರ ಕಣ್ಣಿಗೆ ಇನ್ನೊಂದು ತೊಡಕು ದೊಡ್ಡದಾಗಿ ಕಾಣುತ್ತದೆ. ಟ್ಯಾಗ್ ಓದಿತೆಂದರೆ ಟ್ಯಾಗ್ ಅಲ್ಲಿದೆ ಎಂದರ್ಥ. ಓದಲಿಲ್ಲವೆಂದರೆ ಏನರ್ಥ? ವಸ್ತು ಇಲ್ಲದಿರಬಹುದು, ನೀರಿನ ಕ್ಯಾನಿನ ಹಿಂದೆ ಇರಬಹುದು, ಮುಚ್ಚಿದ ಬೀರುವಿನಲ್ಲಿ ಇರಬಹುದು. ಕೆಲವೊಮ್ಮೆ ಇದಕ್ಕೆ ಉಲ್ಟಾ: ಗೋಡೆಯಾಚೆಯ ಕೋಣೆಯ ಸಾಮಾನನ್ನು ಈ ಕೋಣೆಯ ರೀಡರ್ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದವರು ಪರದೆಯಲ್ಲಿ ಕೆಂಪು ಕಂಡಾಗ ಎದ್ದು ಹೋಗಿ ಹುಡುಕುತ್ತಾರೆ. ಗೊತ್ತಿಲ್ಲದವರು ನಷ್ಟವೆಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಹಾಗಂತ ಇದು ದಂಡ ಎನ್ನಲಾರೆ. ನಾನು ಆರ್ಟಿಕಲ್‌ಶಿಪ್ ಮಾಡುವಾಗ ಕಂಪನಿಗಳ ಆಸ್ತಿ ತಾಳೆ ನೋಡುವುದೆಂದರೆ ಮಂಡಿಯೂರಿ, ಮೇಜಿನಡಿ ತಲೆ ತೂರಿಸಿ, ಟಾರ್ಚ್ ಬಿಟ್ಟು, ಯಾವುದೋ ಕಾಲದಲ್ಲಿ ಪೇಂಟಿನಲ್ಲಿ ಬರೆದ ಅಳಿಸಿಹೋದ ನಂಬರ್ ಓದುವ ಕೆಲಸ. ಬಾರ್‌ಕೋಡ್ ಬಂದರೂ ಒಂದೊಂದರ ಮುಖಕ್ಕೂ ಸ್ಕ್ಯಾನರ್ ಹಿಡಿಯಲೇಬೇಕಿತ್ತು. ಆರ್‌ಎಫ್‌ಐಡಿಗೆ ನೇರ ನೋಟ ಬೇಡ. ಸೆಕೆಂಡಿಗೆ ಹತ್ತಾರು ಟ್ಯಾಗ್ ಓದುತ್ತದೆ. ಕಂಪನಿಗಳ ಆಡಿಟರ್ ವರದಿ ಹೇಗಿರಬೇಕೆಂದು ಹೇಳುವ 2020ರ ಆದೇಶ, ನಾವು 'ಕಾರೋ' ಎನ್ನುವುದು, ಸ್ಥಿರಾಸ್ತಿಗಳ ಸಂಖ್ಯೆಯ ಜೊತೆಗೆ ಅವು ಇರುವ ಜಾಗವೂ ದಾಖಲೆಯಲ್ಲಿದೆಯೇ, ಆಡಳಿತ ಆಗಾಗ ಕಣ್ಣಾರೆ ನೋಡಿದೆಯೇ ಎಂದು ಕೇಳುತ್ತದೆ. ಮೊದಲೆಲ್ಲ ಇದಕ್ಕೆ ಉತ್ತರ ಬರೆಯುವಾಗ ಎಷ್ಟು ಕಂಪನಿಗಳು ಹಳೇ ಪಟ್ಟಿಗೆ ಹೊಸ ತಾರೀಕು ಹಾಕಿ ತಂದುಕೊಟ್ಟಿಲ್ಲ! ರೀಡರ್ ಹಿಡಿದು ಒಂದು ಸುತ್ತು ಬಂದ ದಾಖಲೆಯಲ್ಲಿ ಕನಿಷ್ಠ ಯಾರೋ ಆ ಕೋಣೆಗೆ ಕಾಲಿಟ್ಟದ್ದಂತೂ ಖಾತ್ರಿ. ಟ್ಯಾಗಿನ ನಿಜವಾದ ನೌಕರಿ ಇದು, ಗುಮಾಸ್ತನದು. ಗುಮಾಸ್ತನ ಕೈಗೆ ಲಾಠಿ ಕೊಟ್ಟು ಗೇಟಿನಲ್ಲಿ ನಿಲ್ಲಿಸಿದಾಗಲೇ ಎಡವಟ್ಟು.

ಪೀಣ್ಯದಂಥ ಜಾಗದಲ್ಲಿ ಗೇಟಿನಾಚೆಯ ಕಥೆಯೇ ಬೇರೆ. ಇಲ್ಲಿ ಒಂದು ಡೈ ಬೆಳಗ್ಗೆ ಟೆಂಪೋ ಹತ್ತಿ ಪಕ್ಕದ ಕ್ರಾಸಿನ ಸಣ್ಣ ವರ್ಕ್‌ಶಾಪಿಗೆ ಜಾಬ್ ವರ್ಕಿಗೆ ಹೋಗುತ್ತದೆ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಹಾಗೆ ಹೋದ ಬಂಡವಾಳ ಸಾಮಗ್ರಿ 3 ವರ್ಷದೊಳಗೆ ಮರಳಬೇಕು ಎನ್ನುತ್ತದೆ, ಆದರೆ ಮೋಲ್ಡು, ಡೈ, ಜಿಗ್, ಫಿಕ್ಸ್ಚರು, ಟೂಲುಗಳನ್ನು ಆ ಗಡುವಿನಿಂದ ಹೊರಗಿಟ್ಟಿದೆ. ಲಕ್ಷಗಟ್ಟಲೆ ಬಾಳುವ ಡೈ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಆ ವರ್ಕ್‌ಶಾಪಿನಲ್ಲಿ ರೀಡರ್ ಇಲ್ಲ. ಅತಿ ಹೆಚ್ಚು ಕಾವಲು ಬೇಕಾದ ಕಡೆ ಟ್ಯಾಗ್ ಬರೀ ಪ್ಲಾಸ್ಟಿಕ್ ತುಂಡು. ಕಾಯುವುದು ಡೆಲಿವರಿ ಚಲನ್ನಿನ ಹಳದಿ ಪ್ರತಿ.

ಆಸ್ಪತ್ರೆಗಳದು ಇನ್ನೂ ಸೂಕ್ಷ್ಮ. ವಾರ್ಡಿನಿಂದ ವಾರ್ಡಿಗೆ ಅಲೆಯುವ ಇನ್‌ಫ್ಯೂಷನ್ ಪಂಪು, ಗಾಲಿಕುರ್ಚಿಗಳನ್ನು ಹುಡುಕಲು ಟ್ಯಾಗ್ ಉಪಕಾರಿಯೇ ಸರಿ. ಆದರೆ 2008ರಲ್ಲಿ ವೈದ್ಯಕೀಯ ಪತ್ರಿಕೆ 'ಜಾಮಾ' ಪ್ರಕಟಿಸಿದ ಆಮ್‌ಸ್ಟರ್‌ಡ್ಯಾಮಿನ ಪರೀಕ್ಷೆಯನ್ನು ಓದದೆ ಆರ್ಡರ್ ಕೊಡಬಾರದು. ರೋಗಿಗಳಿಲ್ಲದ ಕೋಣೆಯಲ್ಲಿ 41 ವೈದ್ಯಕೀಯ ಉಪಕರಣಗಳ ಪಕ್ಕ 123 ಸಲ ಆರ್‌ಎಫ್‌ಐಡಿ ಚಾಲೂ ಮಾಡಿದಾಗ 34 ಸಲ ಉಪಕರಣ ಏರುಪೇರಾಯಿತು. ಅದರಲ್ಲಿ 22 ಅಪಾಯಕಾರಿ ಎಂದು ಗುರುತಿಸಿದರು. ಹೆಚ್ಚು ತೊಂದರೆ ಕೊಟ್ಟದ್ದು 868 ಮೆಗಾಹರ್ಟ್ಸ್‌ನ ವ್ಯವಸ್ಥೆ, ನಾವು ಬಳಸುವುದರ ನೆರೆಮನೆಯದು.

ಇನ್ನು ಆ ಮೈಕ್ರೋಮೀಟರ್. ಹಿರಿಯರಿಗೆ ನಾಚಿಕೆಯಾಯಿತು, ನನಗೂ ಅವರ ಮುಖ ನೋಡಿ ಪಿಚ್ಚೆನಿಸಿತು. ಅವರು ರೀಡರ್ ಮೇಜಿನ ಮೇಲಿಟ್ಟು ಬೀರುವಿನ ಹಿಂದಿನ ಗೋಡೆಗೆ ಹೋದರು. ಅಲ್ಲೊಂದು ಮರದ ಹಲಗೆ, ಸಾಲು ಮೊಳೆಗಳು, ಮೊಳೆಗೊಂದು ಸಾಧನದ ನಂಬರ್. ಟೂಲ್ ತೆಗೆದುಕೊಂಡವನು ತನ್ನ ಹಿತ್ತಾಳೆ ಟೋಕನ್ನು ಅಲ್ಲಿ ನೇತುಹಾಕಿ ಹೋಗಬೇಕು. ಹೊಸ ವ್ಯವಸ್ಥೆ ಬಂದ ಮೇಲೆ ಅದನ್ನು ತೆಗೆಯಲು ಆಫೀಸಿನವರು ಹೇಳಿದ್ದರಂತೆ, ಇವರು ಮರೆತಂತೆ ನಟಿಸಿದ್ದರು. ಮೊಳೆಯ ಮೇಲಿನ ಟೋಕನ್ ತಿರುಗಿಸಿ ನೋಡಿ ಶೆಡ್ಡಿನ ಕಡೆ ಕೂಗಿದರು: "ಮೂವತ್ತೇಳು ಯಾರದಪ್ಪಾ?"

ಲೇತಿನ ಹುಡುಗನೊಬ್ಬ ಕಾಟನ್ ವೇಸ್ಟಿನಲ್ಲಿ ಒರೆಸುತ್ತಾ ಮೈಕ್ರೋಮೀಟರ್ ತಂದುಕೊಟ್ಟ. ಅದನ್ನು ಮಖಮಲ್ಲಿನ ಗುಳಿಯಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಅವರು ನನಗಾಗಿ ಇನ್ನೊಮ್ಮೆ ಗುಂಡಿ ಒತ್ತಿದರು. ಪರದೆಯಲ್ಲಿ ಆ ಸಾಲು ಮೊದಲಿನ ಹಾಗೆಯೇ ಹಸಿರಾಯಿತು.